ಬಾಗಿಲಾಚೆ ನಿಂತ ಮಾತು

ಕೆಳಗಿನ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮೊದಲು ಕೆಮ್ಮುತ್ತದೆ. ಆಮೇಲೆ ಗಂಟಲು ಸರಿಮಾಡಿಕೊಂಡು ದಡದಡ ಎನ್ನಲು ಶುರುಮಾಡುತ್ತದೆ. ಗಾಳಿ ತುಂಬಿದ ಮೇಲೆ ‘ಟಸ್’ ಎಂದು ದೊಡ್ಡದೊಂದು ಉಸಿರು ಬಿಡುತ್ತದೆ. ಬೆಳಗಿನ ಈ ಸದ್ದುಗಳೆಲ್ಲ ಟೀಚರಮ್ಮನಿಗೆ ಬಾಯಿಪಾಠ. ಆದರೂ ಆ ಕೊನೆಯ ಟಸ್ ಕೇಳಿದಾಗಲೆಲ್ಲ ಅವಳ ಕೈಯಲ್ಲಿರುವುದು, ಬಾಚಣಿಗೆಯಿರಲಿ ಚಮಚವಿರಲಿ, ಹಾರಿ ನೆಲಕ್ಕೆ ಬೀಳುತ್ತದೆ.

“ಬಿತ್ತಾ?” ಒಳಕೋಣೆಯಿಂದ ಅತ್ತೆ ಕೇಳುತ್ತಾರೆ.

“ಬಿತ್ತು ಅತ್ತೆ.”

“ನೀನು ಮದುವೆಯಾಗಿ ಬಂದಾಗಿಂದ ಅದೇ ಅಂಗಡಿ, ಅದೇ ಮೆಷೀನು. ಅದಕ್ಕೂ ಗೊತ್ತಾಗಿದೆ, ಈ ಮನೇಲಿ ತನಗೆ ಮರ್ಯಾದೆ ಕೊಡೋಳು ಒಬ್ಬಳಿದ್ದಾಳೆ ಅಂತ.”

ಮನೆಗೆ ಯಾರೇ ಬರಲಿ, ಅತ್ತೆ ಸೊಸೆಯನ್ನು ಹೊಗಳುವ ರೀತಿ ಒಂದೇ. “ನಮ್ಮ ಸೊಸೆ ಬಂಗಾರ. ಒಂದೇ ಕೊರತೆ, ಎದುರಿಗೆ ತನ್ನ ನೆರಳೇ ಬಂದ್ರೂ ಪಕ್ಕಕ್ಕೆ ಸರಿದು ದಾರಿ ಬಿಟ್ಕೊಡ್ತಾಳೆ.” ಗಂಡನದು ಕನ್ನಡಕದ ಅಂಗಡಿ. ಅವನು ಅಮ್ಮನಿಗಿಂತ ಒಂದು ಕೈ ಮೇಲು. “ನನ್ನ ಹತ್ರ ಎಲ್ಲಾ ಪವರಿನ ಗ್ಲಾಸೂ ಇದೆ. ಹೆದರಿಕೆ ಚಿಕ್ಕದಾಗಿ ಕಾಣೋ ಗ್ಲಾಸು ಮಾತ್ರ ಕಂಪನಿಯವರು ಇನ್ನೂ ಕಳಿಸಿಲ್ಲ ನೋಡು.”

ಅವರು ನಗುವಾಗ ಅವಳೂ ನಗುತ್ತಾಳೆ. ನಗದೆ ಏನು ಮಾಡುವುದು? ಹೆದರಿಕೆ ಎನ್ನುವುದು ಕೆಲವರಿಗೆ ನೆಗಡಿಯ ಹಾಗೆ, ಬಂದು ಹೋಗುತ್ತದೆ. ಇವಳಿಗೆ ಅದು ಮೂಗಿನ ಹಾಗೆ, ಹುಟ್ಟಿದಾಗಿನಿಂದ ಜೊತೆಗೇ ಇದೆ. ಲಿಫ್ಟು, ನಾಯಿ, ಖಾಕಿ ಬಟ್ಟೆ, ಹೊತ್ತಲ್ಲದ ಹೊತ್ತಿನಲ್ಲಿ ಬಡಿದುಕೊಳ್ಳುವ ಫೋನು. ಎಲ್ಲಕ್ಕಿಂತ ಹೆಚ್ಚಾಗಿ ಮನೆಗೂ ಶಾಲೆಗೂ ನಡುವಿನ ದೊಡ್ಡ ರಸ್ತೆ. ಲಾರಿಗಳು ಒಂದರ ಬಾಲ ಹಿಡಿದು ಒಂದು ಓಡುವ ಆ ರಸ್ತೆಯನ್ನು ಅವಳು ಎಂದೂ ಒಬ್ಬಳೇ ದಾಟಿದವಳಲ್ಲ. ಅಂಚಿನಲ್ಲಿ ನಿಂತು, ಚೀಲದಲ್ಲಿ ಏನೋ ಹುಡುಕುವವಳಂತೆ ನಟಿಸುತ್ತ, ಯಾರಾದರೂ ಬರುವವರೆಗೆ ಕಾಯುತ್ತಾಳೆ. ಬಂದವರ ಹಿಂದೆ, ಅವರಿಗೇ ಗೊತ್ತಾಗದ ಹಾಗೆ, ಸೆರಗು ಬಿಗಿಹಿಡಿದು ದಾಟುತ್ತಾಳೆ. ಎಷ್ಟೋ ಸಲ ಮುಂದೆ ಹೋಗುವವರು ಅವಳದೇ ತರಗತಿಯ ಮಕ್ಕಳಾಗಿರುತ್ತಾರೆ.

ಅದೇ ಮಕ್ಕಳು ಶಾಲೆಯ ಗೇಟಿನೊಳಗೆ ಕಾಲಿಟ್ಟರೆ ಅವಳಿಗೆ ನಡುಗುತ್ತಾರೆ. ಇದು ಈ ಕಥೆಯ ವಿಚಿತ್ರ.

ಆರನೆಯ ತರಗತಿಯಿಂದ ಎಂಟನೆಯದರವರೆಗೆ ಅವಳು ಇಂಗ್ಲಿಷ್ ಕಲಿಸುತ್ತಾಳೆ. ‘ಪಿನ್ ಡ್ರಾಪ್ ಸೈಲೆನ್ಸ್’ ಎನ್ನುವುದು ಅವಳ ಬಾಯಲ್ಲಿ ಎಷ್ಟು ಸಲ ಬರುತ್ತದೆಂದರೆ ಮಕ್ಕಳು ಅವಳಿಗೆ ‘ಪಿನ್ ಮಿಸ್’ ಎಂದೇ ಹೆಸರಿಟ್ಟಿದ್ದಾರೆ. ಅದು ಅವಳಿಗೆ ಗೊತ್ತು. ಒಳಗೊಳಗೇ ಸ್ವಲ್ಪ ಹಿತವೂ ಆಗಿದೆ. ಸದಾ ಹೆದರುವವಳಿಗೆ ತನ್ನನ್ನು ಕಂಡು ಇನ್ನೊಬ್ಬರು ಹೆದರುತ್ತಾರೆಂದರೆ ಎದೆಯ ಯಾವುದೋ ಮೂಲೆಯಲ್ಲಿ ತಂಪು.

ಮೊದಲು ಅವಳು ಹೀಗಿರಲಿಲ್ಲ. ಪದ್ಯದಲ್ಲಿ ಕಪ್ಪೆ ಬಂದರೆ ಕುಪ್ಪಳಿಸಿ ತೋರಿಸುತ್ತಿದ್ದಳು. ಅರ್ಥವನ್ನು ಮನೆಯ ಮಾತಿನಲ್ಲೇ ಬಿಡಿಸಿ ಹೇಳುತ್ತಿದ್ದಳು. ಮಕ್ಕಳು ನಕ್ಕು ನಕ್ಕು ಬೆಂಚಿನಿಂದ ಜಾರುತ್ತಿದ್ದರು. ಈ ವರ್ಷದ ಆರಂಭದಲ್ಲಿ ಹೊಸ ಹೆಡ್‌ಮಿಸ್ ಬಂದರು. ಅವರ ಚಪ್ಪಲಿಗೆ ರಬ್ಬರಿನ ಅಡಿ. ಎಲ್ಲಿಂದ ಯಾವಾಗ ಬಂದು ನಿಲ್ಲುತ್ತಾರೆಂದು ಯಾರಿಗೂ ತಿಳಿಯುವುದಿಲ್ಲ. ಒಂದು ದಿನ ಟೀಚರಮ್ಮ ಕಪ್ಪೆಯಾಗಿ ಕುಕ್ಕರಗಾಲಲ್ಲಿ ಕೂತಿರುವಾಗಲೇ ಬಾಗಿಲಲ್ಲಿ ಅವರ ದನಿ ಕೇಳಿತು.

“ಸಾರಿ ಮೇಡಂ. ಇಂಗ್ಲಿಷ್ ಪಿರಿಯಡ್ ಎಲ್ಲಿ ನಡೀತಾ ಇದೆ ಅಂತ ಹುಡುಕ್ಕೊಂಡು ಬಂದೆ. ಇದಲ್ಲ ಅನ್ಸುತ್ತೆ.”

ಅಷ್ಟೇ. ಬೈಯಲಿಲ್ಲ, ಗದರಲಿಲ್ಲ. ಸದ್ದಿಲ್ಲದೆ ಬಂದ ಹಾಗೇ ಹೋದರು. ಟೀಚರಮ್ಮನ ಕೆಲಸ ವರ್ಷ ವರ್ಷ ಮುಂದುವರಿಸುವಂಥದು. ಮುಂದಿನ ವರ್ಷಕ್ಕೆ ಯಾರಿರಬೇಕು ಯಾರು ಬೇಡ ಎಂದು ಹೇಳುವವರು ಇದೇ ಹೆಡ್‌ಮಿಸ್. ಆ ರಾತ್ರಿ ಊಟ ಸೇರಲಿಲ್ಲ. ಮರುದಿನ ಅವಳು ತರಗತಿಗೆ ಒಂದು ನಿಯಮ ತಂದಳು. ಇಂಗ್ಲಿಷ್ ಪಿರಿಯಡ್ಡಿನಲ್ಲಿ ಬೇರೆ ಮಾತು ಬಾಯಿಂದ ಬರಕೂಡದು. ನೀರು ಬೇಕೆ, ಪೆನ್ಸಿಲ್ ಬೇಕೆ, ಪಕ್ಕದವನು ಚಿವುಟಿದನೆ, ಏನಿದ್ದರೂ ಇಂಗ್ಲಿಷಿನಲ್ಲೇ ಹೇಳಬೇಕು. ಹೇಳಲು ಬರದಿದ್ದರೆ ಬಾಗಿಲ ಹೊರಗೆ ಹೋಗಿ ನಿಂತು, ಮಾತು ಜೋಡಿಸಿಕೊಂಡು, ಬಾಗಿಲು ತಟ್ಟಿ ಒಳಗೆ ಬಂದು ಹೇಳಬೇಕು.

ಮಕ್ಕಳು ಎಂಥವರೆಂದರೆ ಅದನ್ನೂ ಆಟ ಮಾಡಿಕೊಂಡರು. ಹೊರಗೆ ಹೋದವರು ಗೋಡೆಗೆ ಮುಖ ಮಾಡಿ ಗುಣುಗುಣು ಎಂದು, ಬಾಗಿಲು ತಟ್ಟಿ, ಎದೆಯುಬ್ಬಿಸಿ ಒಳಗೆ ಬರುತ್ತಿದ್ದರು. ಕೂದಲಿಗೆ ಗೆಳೆಯ ಚೂಯಿಂಗ್ ಗಮ್ ಅಂಟಿಸಿದ್ದನ್ನು ಹೇಳಲು ಹೋದ ಹುಡುಗನೊಬ್ಬ ‘ಅಂಟಿಸು’ ಎನ್ನುವುದಕ್ಕೆ ಮಾತು ಸಿಗದೆ ಆಟದ ಬೆಲ್ಲು ಹೊಡೆಯುವವರೆಗೂ ಹೊರಗೇ ನಿಂತಿದ್ದ. ಹೆಡ್‌ಮಿಸ್ ಮೀಟಿಂಗಿನಲ್ಲಿ ಎಲ್ಲರೆದುರು ನಿಯಮವನ್ನು ಮೆಚ್ಚಿಕೊಂಡರು. ಹೊರಗೆ ಬರುವಾಗ ಲೆಕ್ಕದ ಮೇಷ್ಟ್ರು ಪಕ್ಕಕ್ಕೆ ಬಂದು, “ನಿಮ್ಮ ಕ್ಲಾಸಲ್ಲಿ ಬೆಂಕಿ ಬಿದ್ರೆ ಕಷ್ಟ ಕಣ್ರೀ. ಮಕ್ಕಳು ಮೊದ್ಲು ಬಾಗಿಲ ಹೊರಗೆ ಹೋಗಿ ವಾಕ್ಯ ಜೋಡಿಸ್ಕೊಂಡು ಬರಬೇಕು, ಆಮೇಲೆ ನೀರು ತರಬೇಕು” ಎಂದರು. ಟೀಚರಮ್ಮ ನಕ್ಕಳು. ನಿಯಮ ಬಂದಾಗಿನಿಂದ ಅವಳಿಗೆ ರಾತ್ರಿ ನಿದ್ದೆ ಬರುತ್ತಿತ್ತು.

ಆ ದಿನ ಆರನೆಯ ತರಗತಿ. ಪಾಠ ಅರ್ಧವಾಗಿತ್ತು. ಕಿಟಕಿ ಪಕ್ಕದ ಬೆಂಚಿನ ಹುಡುಗಿ ಪೆನ್ನು ತೆಗೆಯಲೆಂದು ಬ್ಯಾಗಿಗೆ ಕೈ ಹಾಕಿದವಳು ಪಕ್ಕದವಳ ಕಿವಿಯಲ್ಲಿ ಏನೋ ಪಿಸುಗುಟ್ಟಿ ಎದ್ದು ನಿಂತಳು. ಮಾತು ಕಡಿಮೆಯ ಹುಡುಗಿ. ಹಾಜರಿ ಕೂಗುವಾಗ ಬಿಟ್ಟರೆ ಅವಳ ದನಿ ಕೇಳಿದವರಿಲ್ಲ.

“ಮಿಸ್...”

“ಯೆಸ್?”

“ಮಿಸ್, ಮನೇಲಿ...”

ಇಡೀ ತರಗತಿ ತುಟಿಯ ಮೇಲೆ ಬೆರಳಿಟ್ಟು ಶ್ ಎಂದಿತು. ನಿಯಮ ಮುರಿದವರಿಗೆ ಹಾಗೆ ಮಾಡುವುದು ಅವರೇ ಕಂಡುಕೊಂಡ ಮೋಜು.

“ಇನ್ ಇಂಗ್ಲಿಷ್,” ಎಂದಳು ಟೀಚರಮ್ಮ.

“ಮಿಸ್, ಮೈ... ಮೈ...” ಹುಡುಗಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು. ಮುಷ್ಟಿ ಬಿಗಿಯಾಗಿತ್ತು. ಕಣ್ಣು ಕಿಟಕಿಯ ಕಡೆಗೊಮ್ಮೆ, ಟೀಚರಮ್ಮನ ಕಡೆಗೊಮ್ಮೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಅದೇ ಹೊತ್ತಿಗೆ ಬಾಗಿಲ ಮೇಲಿನ ಮಸುಕು ಗಾಜಿನಲ್ಲಿ ನೆರಳೊಂದು ಆಡಿತು. ರಬ್ಬರಿನ ಚಪ್ಪಲಿ! ಹುಡುಗಿ ಇನ್ನೊಂದು ಸಲ ‘ಮನೇಲಿ’ ಎಂದುಬಿಟ್ಟರೆ?

“ಔಟ್‌ಸೈಡ್. ಥಿಂಕ್ ಅಂಡ್ ಕಮ್,” ಎಂದಳು, ಬೇಕಾದ್ದಕ್ಕಿಂತ ಜೋರಾಗಿ, ಹೊರಗಿನವರಿಗೂ ಕೇಳಲಿ ಎಂಬಂತೆ.

ಹುಡುಗಿ ಅವಳನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಹೋದಳು. ಬಾಗಿಲು ತೆರೆದಾಗ ಹೊರಗೆ ಕಂಡದ್ದು ನೆಲ ಒರೆಸುತ್ತಿದ್ದ ಆಯಾ.

ಟೀಚರಮ್ಮ ಉಸಿರು ಬಿಟ್ಟು ಪಾಠಕ್ಕೆ ಮರಳಿದಳು. ಪಾಠ ಚೆನ್ನಾಗಿ ನಡೆಯಿತು. ಕಷ್ಟದ ಪದಗಳನ್ನು ಬೋರ್ಡಿನ ಮೇಲೆ ಬರೆದಳು, ಮಕ್ಕಳಿಂದ ಓದಿಸಿದಳು. ಬೆಲ್ಲು ಹೊಡೆದು, ಡಸ್ಟರ್ ಕೈಗೆತ್ತಿಕೊಂಡು ತಿರುಗಿದಾಗ ಕಿಟಕಿ ಪಕ್ಕದ ಜಾಗ ಖಾಲಿ ಕಂಡಿತು. ಬೆಂಚಿನ ಮೇಲೆ ಬ್ಯಾಗು ಬಾಯಿ ತೆರೆದುಕೊಂಡು ಮಲಗಿತ್ತು.

ಬಾಗಿಲು ತೆರೆದು ನೋಡಿದಳು. ಒರೆಸಿದ ನೆಲ ಒಣಗಿತ್ತು. ಹುಡುಗಿಯಿರಲಿಲ್ಲ.

ಟಾಯ್ಲೆಟ್ಟಿಗೆ ಹೋಗಿರಬೇಕು ಎಂದುಕೊಂಡಳು. ಕಾರಿಡಾರಿನ ತುದಿಗೆ ಹೋಗಿ ಒಂದೊಂದೇ ಬಾಗಿಲು ತಳ್ಳಿ ನೋಡಿದಳು. ಹೆಸರು ಹಿಡಿದು ಕರೆದಳು. ಅವಳ ದನಿಯೇ ಟೈಲ್ಸಿನ ಗೋಡೆಗೆ ಬಡಿದು ವಾಪಸಾಯಿತು. ಕೊನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಮೆಟ್ಟಿಲ ಕೆಳಗೆ ನೋಡಿದಳು, ಮುರಿದ ಬೆಂಚುಗಳ ಕೋಣೆಯಲ್ಲಿ ನೋಡಿದಳು, ತಾರಸಿಯ ಬಾಗಿಲಿಗೆ ಬೀಗವಿದೆಯೇ ಎಂದು ಎರಡೆರಡು ಸಲ ಎಳೆದು ನೋಡಿದಳು. ಬೀಗವಿತ್ತು. ಹಿತ್ತಲಿನ ನೀರಿನ ತೊಟ್ಟಿಯ ಕಡೆಗೆ ಹೋಗುವಾಗ ಕಾಲು ಮುಂದಕ್ಕೆ ಬರಲಿಲ್ಲ. ಕಬ್ಬಿಣದ ಮುಚ್ಚಳ ಮುಚ್ಚಿಯೇ ಇತ್ತು. ಆದರೂ ಅದನ್ನು ಮುಟ್ಟಿ, ಅಲುಗಾಡಿಸಿ, ಅದು ಅಲುಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೇ ಅವಳಿಗೆ ಉಸಿರು ಬಂದದ್ದು.

ತಿರುಗಿದರೆ ಹಿಂದೆ ಹೆಡ್‌ಮಿಸ್.

“ಏನು ಮೇಡಂ, ಯಾರನ್ನಾದ್ರೂ ಹುಡುಕ್ತಿದ್ದೀರಾ?”

ಹೇಳಬೇಕಾದ ಮಾತು ನಾಲಿಗೆಯ ಮೇಲೇ ಇತ್ತು. ‘ಒಂದು ಮಗು ಕಾಣ್ತಿಲ್ಲ.’ ಇಷ್ಟೇ. ಅವಳು ಬಾಯಿ ತೆರೆದಳು.

“ಇಲ್ಲ ಮೇಡಂ. ಕೈ ತೊಳೆಯೋಕೆ ಬಂದೆ.”

“ಹಾಗಾದ್ರೆ ಎಲ್ಲಾ ಕ್ಲಾಸಲ್ಲೇ ಇದ್ದಾರೆ?”

“ಇದ್ದಾರೆ ಮೇಡಂ.”

ಆಡಿದ ಮಾತಿಗೆ ಸಾಕ್ಷಿ ಬೇಕಲ್ಲ. ಅವಳು ತೊಟ್ಟಿಯ ಪಕ್ಕದ ನಲ್ಲಿ ತಿರುಗಿಸಿ ಕೈ ತೊಳೆದಳು. ಬೆರಳ ಸಂದಿಯಲ್ಲಿದ್ದ ಸೀಮೆಸುಣ್ಣವನ್ನು ಉಜ್ಜಿ ಉಜ್ಜಿ ತೆಗೆದಳು. ಹೆಡ್‌ಮಿಸ್ ನೋಡುತ್ತ ನಿಂತಿದ್ದರು. ಎಲ್ಲೋ ಒಂದು ಮಗು ಇಲ್ಲ, ತಾನಿಲ್ಲಿ ಉಗುರು ಉಜ್ಜುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹೆಡ್‌ಮಿಸ್ ಮೂಲೆ ದಾಟುವವರೆಗೆ ನಲ್ಲಿ ನಿಲ್ಲಿಸಲು ಧೈರ್ಯ ಸಾಲಲಿಲ್ಲ.

ಆಮೇಲೆ ಓಡಿದಳು. ಆರನೆಯ ತರಗತಿಯಲ್ಲಿ ಲೆಕ್ಕದ ಮೇಷ್ಟ್ರು ಬೋರ್ಡು ಒರೆಸುತ್ತಿದ್ದರು. ಅವಳ ಮುಖ ನೋಡಿದವರೇ ತಮಾಷೆ ನುಂಗಿಕೊಂಡು ಪಕ್ಕಕ್ಕೆ ಸರಿದರು. ಅವಳು ಸೀದಾ ಕಿಟಕಿ ಪಕ್ಕದ ಬೆಂಚಿಗೆ ಹೋಗಿ ಅಲ್ಲಿದ್ದ ಇನ್ನೊಬ್ಬ ಹುಡುಗಿಯನ್ನು ಎಬ್ಬಿಸಿದಳು.

“ನಿನ್ನ ಪಕ್ಕದವಳು ಎಲ್ಲಿ?”

“ಮಿಸ್, ಶೀ... ಶೀ...”

“ಇಂಗ್ಲಿಷ್ ಬೇಡ. ಸುಮ್ನೆ ಹೇಳು.”

ಹುಡುಗಿ ಬಾಗಿಲ ಕಡೆ ನೋಡಿದಳು. ಹೊರಗೆ ಹೋಗಿ ನಿಲ್ಲಬೇಕೇನೋ ಎಂಬಂತೆ ಒಂದು ಹೆಜ್ಜೆಯನ್ನೂ ಎತ್ತಿದಳು.

“ರೂಲ್ ಮಿಸ್...”

“ರೂಲೂ ಇಲ್ಲ ಗೀಲೂ ಇಲ್ಲ, ಹೇಳೇ!”

ಕಟ್ಟೆ ಒಡೆದ ಹಾಗಾಯಿತು. ಒಬ್ಬಳಲ್ಲ, ಮೂರ್ನಾಲ್ಕು ಮಂದಿ ಒಟ್ಟಿಗೇ ಶುರುಮಾಡಿದರು. “ಬೀಗದ ಕೀ ಮಿಸ್, ಅವಳ ಬ್ಯಾಗಲ್ಲೇ ಇತ್ತು ಮಿಸ್.” “ಅವರಜ್ಜಿಗೆ ಎಲ್ಲಾ ಮರೆತುಹೋಗುತ್ತೆ ಮಿಸ್, ಎಲ್ಲೆಲ್ಲೋ ಹೊರಟುಹೋಗ್ತಾರೆ, ಅದಕ್ಕೇ ಮನೇಲಿ ಬಿಟ್ಟು ಹೊರಗಿಂದ ಬೀಗ ಹಾಕ್ತಾರೆ.” “ಬೆಳಿಗ್ಗೆ ಕೀನ ಪಕ್ಕದ ಟೈಲರ್ ಆಂಟಿಗೆ ಕೊಟ್ಟು ಬರಬೇಕು ಮಿಸ್, ಅವರು ನೋಡ್ಕೊಳ್ತಾರೆ. ಇವತ್ತು ಕೊಟ್ಟಿಲ್ಲ.” ಕೊನೆಗೆ ಪಕ್ಕದವಳು ಸಣ್ಣ ದನಿಯಲ್ಲಿ ಸೇರಿಸಿದಳು. “ಹಾಲು ಒಲೆ ಮೇಲೆ ಇಟ್ಟಿದ್ಲಂತೆ ಮಿಸ್. ಆರಿಸಿದ್ನೋ ಇಲ್ವೋ ಅಂತ ನನ್ನ ಕೇಳಿದ್ಲು.”

“ನಿಮಗೆಲ್ಲಾ ಗೊತ್ತಿತ್ತಾ?”

ಒಂದೆರಡು ತಲೆಗಳು ಹೌದೆಂದು ಆಡಿದವು.

“ಗೊತ್ತಿದ್ದೂ ನನಗ್ಯಾಕೆ ಹೇಳಲಿಲ್ಲ?”

ಚೂಯಿಂಗ್ ಗಮ್ಮಿನ ಹುಡುಗ ಎದ್ದು ನಿಂತ. “ನಾವು ಜೋಡಿಸ್ತಾ ಇದ್ವಿ ಮಿಸ್. ಬೀಗ ಹಾಕೋದಕ್ಕೆ ಸಿಕ್ತು, ಮರೆವಿಗೆ ಸಿಗಲಿಲ್ಲ.”

ಅವನು ಚೇಷ್ಟೆಗೆ ಹೇಳಲಿಲ್ಲ. ಯಾರೂ ನಗಲಿಲ್ಲ. ಲೆಕ್ಕದ ಮೇಷ್ಟ್ರು ಮೆಲ್ಲಗೆ ಅಂದರು, “ನಿಮ್ಮ ಮುಂದಿನ ಕ್ಲಾಸ್ ನಾನು ನೋಡ್ಕೊಳ್ತೀನಿ. ನೀವು ಹೋಗಿ ಮೇಡಂ.”

ಗೇಟಿನಲ್ಲಿ ಮಕ್ಕಳೆಲ್ಲ ತಾತ ಎಂದು ಕರೆಯುವ ವಾಚ್‌ಮ್ಯಾನ್ ಕುರ್ಚಿಯಲ್ಲಿ ಕೂತಿದ್ದ.

“ಹುಡುಗೀನಾ? ಯಾರೂ ಹೋಗಿಲ್ಲ ಮೇಡಂ. ನನ್ನ ಕಣ್ಣು ತಪ್ಪಿಸಿ ಈ ಗೇಟಲ್ಲಿ ಒಂದು ನೊಣ ಕೂಡ...” ಅಲ್ಲಿಗೆ ಅವನ ಮಾತು ಕುಂಟಿತು. “ಆಗ ನೀರಿನ ಟ್ಯಾಂಕರ್ ಬಂದಿತ್ತು. ಗೇಟು ಪೂರ್ತಿ ತೆಗೆದು ಡ್ರೈವರಿಗೆ ರಿವರ್ಸ್ ತೋರಿಸ್ತಿದ್ದೆ.” ಎದ್ದು ನಿಂತ. ಅವನ ಮುಖದ ಬಣ್ಣ ಇಳಿಯುವುದನ್ನು ಟೀಚರಮ್ಮ ಕಣ್ಣಾರೆ ಕಂಡಳು. ತನ್ನ ಮುಖವೂ ಈಗ ಹೀಗೇ ಇದ್ದೀತು ಎನ್ನಿಸಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

ದೊಡ್ಡ ರಸ್ತೆಯ ಅಂಚಿಗೆ ಬಂದಳು. ಹುಡುಗಿಯ ಮನೆ ರಸ್ತೆಯಾಚೆ, ಮರದ ಡಿಪೋದ ಹಿಂದಿನ ಓಣಿಯಲ್ಲಿ ಎಂದು ಮಕ್ಕಳು ಹೇಳಿದ್ದರು. ಆ ಹೊತ್ತಿನಲ್ಲಿ ದಾಟುವವರು ಯಾರೂ ಇಲ್ಲ. ಲಾರಿಯೊಂದು ಹಾರನ್ನು ಉದ್ದಕ್ಕೆ ಎಳೆಯುತ್ತ ಹೋಯಿತು. ಅದರ ಗಾಳಿಗೆ ಸೆರಗು ಹಾರಿ ಮುಖ ಮುಚ್ಚಿತು. ಸೆರಗು ಸರಿಸಿದಾಗ ಅವಳ ಕಣ್ಣು ತಾನಾಗಿಯೇ ರಸ್ತೆಯ ಮೇಲೆ ಹರಿದಾಡಿತು. ಟಾರಿನ ಮೇಲೆ ಏನಾದರೂ ಬಿದ್ದಿದೆಯೇ? ಪುಟ್ಟ ಬೂಟು? ರಿಬ್ಬನ್? ನೋಡಬಾರದು ಎಂದುಕೊಳ್ಳುತ್ತಲೇ ನೋಡಿದಳು. ಎಣ್ಣೆಯ ಕಲೆ ಬಿಟ್ಟರೆ ಏನೂ ಇರಲಿಲ್ಲ. ಅಷ್ಟು ಚಿಕ್ಕವಳು ಇದನ್ನು ಒಬ್ಬಳೇ ದಾಟಿ ಹೋದಳು, ಕೈಯಲ್ಲಿ ಬೀಗದ ಕೀ ಹಿಡಿದು. ಟೀಚರಮ್ಮ ಕಣ್ಣು ಮುಚ್ಚಲಿಲ್ಲ, ದೇವರನ್ನೂ ನೆನೆಯಲಿಲ್ಲ. ಹೇಗೆ ದಾಟಿದಳೋ ಅವಳಿಗೇ ತಿಳಿಯದು. ಆಚೆ ಬದಿಯಲ್ಲಿ ನಿಂತಾಗ ಒಂದು ಕಾಲಿನಲ್ಲಿ ಚಪ್ಪಲಿಯಿರಲಿಲ್ಲ. ಅದು ರಸ್ತೆಯ ನಡುವೆ ಅಂಗಾತ ಬಿದ್ದಿತ್ತು. ಅದರ ಮೇಲೆ ಲಾರಿ ಹರಿಯುವುದನ್ನು ನೋಡಲು ಅವಳು ನಿಲ್ಲಲಿಲ್ಲ.

ಡಿಪೋದ ಗರಗಸದ ಸದ್ದಿನ ಪಕ್ಕದಲ್ಲೇ ಓಣಿ. ಒಳಗೆ ಕಾಲಿಡುವ ಮೊದಲೇ ವಾಸನೆ ಬಂತು. ಸುಟ್ಟ ಹಾಲಿನದು, ಸುಟ್ಟ ಬಟ್ಟೆಯದು. ಮುಂದೆ ಒಂದು ಮನೆಯೆದುರು ಜನ ಗುಂಪಾಗಿ ನಿಂತಿದ್ದರು. ಎಲ್ಲರ ಬೆನ್ನು ಈ ಕಡೆಗೆ. ಬೆನ್ನುಗಳಿಗೆ ಮುಖವಿರುವುದಿಲ್ಲ, ಒಳಗೆ ಏನಾಗಿದೆಯೆಂದು ಅವು ಹೇಳುವುದಿಲ್ಲ. ಟೀಚರಮ್ಮ ನಿಂತುಬಿಟ್ಟಳು. ಯಾರದೋ ಮನೆಯ ಗೋಡೆ ಹಿಡಿದುಕೊಂಡಳು. ಇಲ್ಲಿಂದಲೇ ಹಿಂದಕ್ಕೆ ಹೋದರೆ, ಇನ್ನೂ ಏನೂ ಆಗಿಲ್ಲ ಎಂದು ನಂಬಿಕೊಂಡಿರಬಹುದಲ್ಲ? ಗುಂಪಿನೊಳಗಿಂದ ಆಗ ಮುದುಕಿಯೊಬ್ಬಳ ದನಿ ಕೇಳಿತು.

“ಇಷ್ಟೊಂದು ಜನ ಬಂದಿದ್ದೀರಿ, ಮದುವೆ ಯಾರದ್ದು?”

ಜನ ನಕ್ಕರು. ಆ ನಗುವಿನ ಸದ್ದು ಕೇಳಿ ಟೀಚರಮ್ಮನ ಕಣ್ಣಲ್ಲಿ ನೀರು ಬಂತು.

ಬಾಗಿಲ ಹೊರಗೆ ಕುರ್ಚಿಯ ಮೇಲೆ ಅಜ್ಜಿ ಕೂತಿದ್ದರು. ಹೆಗಲ ಮೇಲೆ ಒದ್ದೆ ಬಟ್ಟೆ. ಮುಖದಲ್ಲಿ ಗಾಬರಿಯ ಸುಳಿವಿಲ್ಲ. ಚರಂಡಿಯ ಪಕ್ಕದಲ್ಲಿ ಕರಕಲಾದ ಪಾತ್ರೆಯೊಂದು ಇನ್ನೂ ಹೊಗೆಯಾಡುತ್ತಿತ್ತು. ಅದರ ಮೇಲೆ ಅರ್ಧ ಸುಟ್ಟ ಕಿಟಕಿ ಪರದೆ. ಮೆಟ್ಟಿಲ ಮೇಲೆ ಆ ಹುಡುಗಿ ಕೂತು, ಎದುರಿಗಿದ್ದ ಟೈಲರಮ್ಮನಿಗೆ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. “ಬೀಗ ತೆಗೆಯೋಕೇ ಆಗ್ತಿರಲಿಲ್ಲ ಆಂಟಿ, ಕೈ ನಡುಗ್ತಿತ್ತು. ಒಳಗೆ ಹೊಗೇಲಿ ಅಜ್ಜಿ ಕಾಣಿಸ್ಲೇ ಇಲ್ಲ. ಅಜ್ಜೀ ಅಂದ್ರೆ, ಬಾಗಿಲು ಹಾಕೇ ಚಳಿ ಬರುತ್ತೆ ಅಂತಾರೆ! ಆಮೇಲೆ ಪಾತ್ರೆ ಎತ್ತಿ ಎಸೆದೆ, ನೋಡಿ...”

ಮಾತು, ಮಾತು, ಮಾತು. ಇಡೀ ವರ್ಷದಲ್ಲಿ ಟೀಚರಮ್ಮ ಈ ಬಾಯಿಂದ ಇಷ್ಟು ಮಾತು ಕೇಳಿರಲಿಲ್ಲ.

ಹುಡುಗಿ ತಲೆಯೆತ್ತಿದಳು. ಟೀಚರಮ್ಮನನ್ನು ಕಂಡಳು. ಆ ಮಾತು ಅಲ್ಲಿಗೇ, ನಲ್ಲಿ ತಿರುಗಿಸಿದ ಹಾಗೆ, ನಿಂತಿತು. ಎದ್ದು ನೆಟ್ಟಗೆ ನಿಂತು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

“ಕೈ ತೋರಿಸು.”

ಹುಡುಗಿ ತಲೆಯಾಡಿಸಿದಳು.

“ಸುಟ್ಟಿದೆಯಾ? ಉರೀತಿದೆಯಾ? ನಂಗೆ ಹೇಳು ಮರಿ.”

ತುಟಿ ಬಿಗಿದುಕೊಂಡೇ ಇತ್ತು. ಕಣ್ಣುಗಳು ಟೀಚರಮ್ಮನ ಮುಖ ಬಿಟ್ಟು ಅವಳ ಹೆಗಲ ಮೇಲಿಂದಾಚೆಗೆ, ಯಾರಾದರೂ ಬಂದು ಬಿಡಿಸಿಯಾರೇ ಎಂಬಂತೆ ನೋಡುತ್ತಿದ್ದವು. ಟೀಚರಮ್ಮನಿಗೆ ಆ ನೋಟ ಚೆನ್ನಾಗಿ ಗೊತ್ತು. ತೊಟ್ಟಿಯ ಪಕ್ಕ ನಿಂತು ಕೈ ತೊಳೆಯುವಾಗ ಅವಳೂ ಹೀಗೇ ನೋಡಿದ್ದಳು. ತಾನೊಬ್ಬರಿಗೆ ಲಾರಿಯಂತೆ, ನಾಯಿಯಂತೆ, ಖಾಕಿ ಬಟ್ಟೆಯಂತೆ ಕಾಣಬಹುದೆಂದು ಅವಳು ಅಂದುಕೊಂಡವಳೇ ಅಲ್ಲ.

“ಬೈಬೇಡಿ ಟೀಚರ್,” ಎಂದಳು ಟೈಲರಮ್ಮ. ಕೊರಳಲ್ಲಿ ಅಳತೆಪಟ್ಟಿ ಇನ್ನೂ ನೇತಾಡುತ್ತಿತ್ತು. “ಹೇಳದೆ ಕೇಳದೆ ಓಡಿಬಂದಿದ್ದು ತಪ್ಪೇ. ನಾನೂ ಹೇಳ್ದೆ, ಟೀಚರಿಗೆ ಒಂದು ಮಾತು ಹೇಳಿದ್ರೆ ಅವರೇನು ಬೇಡ ಅಂತಿದ್ರಾ? ಅಂತ. ಅದಕ್ಕೆ ಈ ಮೂಗಿ ಬಾಯೇ ಬಿಡಲ್ಲ.”

ಟೀಚರಮ್ಮ ಹುಡುಗಿಯನ್ನು ನೋಡಿದಳು. ಹುಡುಗಿ ನೆಲ ನೋಡಿದಳು.

“ಇವಳಮ್ಮನಿಗೂ ಫೋನ್ ಮಾಡಿದ್ದೀನಿ. ರಟ್ಟಿನ ಪೆಟ್ಟಿಗೆ ಮಾಡೋ ಕಾರ್ಖಾನೇಲಿರೋದು. ಅವಳು ಸ್ಕೂಲಿಗೆ ಫೋನ್ ಮಾಡಿದ್ಲಂತೆ. ಅಲ್ಲಿ, ಎಲ್ಲಾ ಮಕ್ಕಳೂ ಕ್ಲಾಸಲ್ಲೇ ಇದ್ದಾರೆ ಅಂದ್ರಂತೆ! ಉರಿದುಬಿದ್ದಿದ್ದಾಳೆ. ದಾರೀಲೇ ಸ್ಕೂಲು, ಮೊದ್ಲು ಅವರನ್ನ ವಿಚಾರಿಸ್ಕೊಂಡು ಆಮೇಲೆ ಮನೆಗೆ ಬರ್ತೀನಿ ಅಂದ್ಲು.”

ಟೀಚರಮ್ಮ ಬಕೆಟ್ಟಿನಲ್ಲಿ ತಣ್ಣೀರು ತರಿಸಿ ಹುಡುಗಿಯ ಅಂಗೈಯನ್ನು ಅದರಲ್ಲಿ ಅದ್ದಿ ಹಿಡಿದಳು. ಬೆರಳ ಬುಡದಲ್ಲಿ ಕೆಂಪು ಬರೆ ಎದ್ದಿತ್ತು, ಬೊಬ್ಬೆ ಬಂದಿರಲಿಲ್ಲ.

“ಅಮ್ಮ ಕೇಳಿದ್ರೆ ಏನು ಹೇಳ್ತೀಯ?” ಮೆಲ್ಲಗೆ, ಟೈಲರಮ್ಮನಿಗೆ ಕೇಳಿಸದಂತೆ ಕೇಳಿದಳು.

ಹುಡುಗಿ ನೀರನ್ನೇ ನೋಡುತ್ತ ಹೇಳಿದಳು. “ನಾನೇ ಓಡಿಬಂದೆ ಅಂತ.”

ವಾಪಸು ಹೋಗುವಾಗ ಟೈಲರಮ್ಮ ಕೊಟ್ಟ ಹಳೆಯ ಚಪ್ಪಲಿ ಅವಳ ಕಾಲಿನಲ್ಲಿತ್ತು. ಒಂದು ಅಳತೆ ದೊಡ್ಡದು, ನಡೆದಾಗ ಪಟಪಟ ಎನ್ನುತ್ತಿತ್ತು. ಅವಳ ಮನಸ್ಸು ಅದಕ್ಕಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಇಲ್ಲಿ ದೊಣ್ಣೆ ತಾನಾಗಿಯೇ ತಪ್ಪಿಹೋಗುತ್ತಿತ್ತು. ಹುಡುಗಿ ಹೇಳುವುದಿಲ್ಲ. ಅಜ್ಜಿಗೆ ಏನೂ ಆಗಿಲ್ಲ. ಮಕ್ಕಳ ಮಾತನ್ನು ಯಾರು ಕೇಳುತ್ತಾರೆ? ಸುಮ್ಮನಿದ್ದರೆ ಸಾಕು. ಸುಮ್ಮನಿರುವುದು ಅವಳಿಗೆ ಹುಟ್ಟಿನಿಂದ ಬಂದ ವಿದ್ಯೆ.

ಗೇಟಿನಲ್ಲಿ ತಾತನ ಕುರ್ಚಿ ಖಾಲಿಯಿತ್ತು.

ತಾತ ಹೆಡ್‌ಮಿಸ್ ಕೋಣೆಯಲ್ಲಿದ್ದ, ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು. ಮಗು ಹೊರಗೆ ಹೋದದ್ದನ್ನು ಅವನೇ ಬಂದು ಹೇಳಿದ್ದ. ಟೀಚರಮ್ಮ ಒಳಗೆ ಬಂದದ್ದನ್ನು ನೋಡಿ ಅವನು ಕೇಳಿದ್ದು ಒಂದೇ. “ಮಗು?”

“ಮನೇಲಿದೆ. ಚೆನ್ನಾಗಿದೆ.”

ಅವನು ಟೋಪಿಯಿಂದಲೇ ಮುಖ ಒರೆಸಿಕೊಂಡ.

“ದೇವರು ದೊಡ್ಡವನು,” ಎಂದರು ಹೆಡ್‌ಮಿಸ್. “ಸರಿ ತಾತ, ನೀವು ಹೊರಗಿರಿ. ನಿಮ್ಮ ಏಜೆನ್ಸಿಗೆ ಹೇಳಿದ್ದೀನಿ, ಸಂಜೆಯೊಳಗೆ ಬೇರೆಯವರು ಬರ್ತಾರೆ.” ಅವನು ಹೊರಗೆ ಹೋದ. ಹೆಡ್‌ಮಿಸ್ ನೀರಿನ ಲೋಟದ ಮುಚ್ಚಳ ತೆಗೆಯಲು ಹೋದಾಗ ಅದು ಲೋಟದ ಅಂಚಿಗೆ ಟಿಣಿಟಿಣಿ ಬಡಿಯಿತು. ಟೀಚರಮ್ಮ ಆ ಬೆರಳುಗಳನ್ನೇ ನೋಡಿದಳು. ಇವರೂ!

“ಕೂತ್ಕೊಳ್ಳಿ ಮೇಡಂ. ಕೇಳಿ, ತಾಯಿ ಈಗಷ್ಟೇ ಗೇಟಿನ ಹತ್ರ ಬಂದ್ಲು, ಕೂಗಾಡ್ತಿದ್ದಾಳೆ. ಕಮಿಟಿಯವರ ಕಿವಿಗೆ ಬಿದ್ರೆ ನನ್ನ ಕಥೆ ಮುಗೀತು. ಹಾವೂ ಸಾಯಬಾರದು ಕೋಲೂ ಮುರೀಬಾರದು, ಹಾಗೆ ಮಾಡೋಣ. ಹುಡುಗಿ ಟಾಯ್ಲೆಟ್ಟಿಗೆ ಅಂತ ನಿಮ್ಮನ್ನ ಕೇಳಿ ಹೋದ್ಲು. ವಾಚ್‌ಮ್ಯಾನ್ ಗೇಟು ತೆಗೆದಿಟ್ಟಿದ್ದ. ಅಷ್ಟೇ ತಾನೇ ಆಗಿದ್ದು?”

ಕಿಟಕಿಯಾಚೆ ಹೆಂಗಸೊಬ್ಬಳ ಕೂಗು ಏರುತ್ತಿತ್ತು, ಇಳಿಯುತ್ತಿತ್ತು. ಟೀಚರಮ್ಮ ಕುರ್ಚಿಯ ತುದಿಯಲ್ಲಿ ಕೂತಳು.

“ಅಲ್ಲ ಮೇಡಂ.”

“ಏನು ಅಲ್ಲ?”

“ಅವಳು ಹೇಳೋಕೆ ಬಂದ್ಲು. ಮನೇಲಿ ಅಂತ ಶುರುಮಾಡಿದ್ಲು. ನಾನು ಇಂಗ್ಲಿಷಲ್ಲಿ ಹೇಳು ಅಂತ ಹೊರಗೆ ಕಳಿಸಿದೆ. ಆಮೇಲೆ ಮರೆತೆ. ಪಿರಿಯಡ್ ಪೂರ್ತಿ ಮರೆತೆ. ನಿಮಗೂ ಸುಳ್ಳು ಹೇಳಿದೆ. ಕೈ ತೊಳೆಯೋಕೆ ಬಂದಿರಲಿಲ್ಲ ನಾನು.”

ಮುಚ್ಚಳದ ಸದ್ದು ನಿಂತಿತು.

“ಇದನ್ನ ಇಲ್ಲೇ ಬಿಡಿ,” ಎಂದರು ಹೆಡ್‌ಮಿಸ್, ಬಹಳ ಸಣ್ಣ ದನಿಯಲ್ಲಿ. “ನಾನೇನೂ ಕೇಳಿಸ್ಕೊಂಡಿಲ್ಲ. ನೀವು ಸ್ಟಾಫ್ ರೂಮಿಗೆ ಹೋಗಿ, ಸ್ವಲ್ಪ ನೀರು ಕುಡೀರಿ. ಆ ತಾಯಿ ಹತ್ರ ನಾನು ಮಾತಾಡ್ತೀನಿ. ಈಗ ಅವಳ ಮುಂದೆ ಹೋಗಿ ಇದೇ ಮಾತು ಆಡಿದ್ರೆ ಮುಂದಿನ ವರ್ಷ ನಿಮಗೆ ಇಲ್ಲಿ ಕೆಲಸ ಇರಲ್ಲ. ಗೊತ್ತಾಗ್ತಿದೆಯಾ? ಹೆದರಿಕೆ ಆಗಲ್ವಾ ನಿಮಗೆ?”

“ಆಗ್ತಿದೆ ಮೇಡಂ,” ಎಂದಳು ಟೀಚರಮ್ಮ. ಸುಳ್ಳಲ್ಲ. ಮೇಜಿನ ಅಂಚು ಹಿಡಿದುಕೊಂಡೇ ಅವಳು ಎದ್ದದ್ದು. ದೊಡ್ಡ ಚಪ್ಪಲಿಯೊಳಗೆ ಬೆರಳುಗಳು ಬೆವರಿ ಜಾರುತ್ತಿದ್ದವು. ಬಾಗಿಲ ಬಳಿ ಹೋಗಿ ಚಿಲಕದ ಮೇಲೆ ಕೈಯಿಟ್ಟಳು. “ತುಂಬಾ ಆಗ್ತಿದೆ. ಅದಕ್ಕೇ ಈಗಲೇ ಹೋಗ್ತೀನಿ. ಒಂದು ಲೋಟ ನೀರು ಕುಡಿಯೋಷ್ಟು ಹೊತ್ತು ಕೂತ್ರೂ ಸಾಕು, ನಾನು ಮತ್ತೆ...” ಎನ್ನುತ್ತಲೇ ಅವಳು ಬಾಗಿಲು ದಾಟಿ, ಆ ಕೂಗಿನ ಕಡೆಗೆ ಪಟಪಟ ಹೆಜ್ಜೆ ಹಾಕಿದಳು.